ಕೆಂಪು ಮೂಲೆಯ ಚೀಟಿಗಳು

ಆ ಕಚೇರಿಯಲ್ಲಿ ಸುಳ್ಳನ್ನೂ ಜೋಪಾನ ಮಾಡುತ್ತಿದ್ದರು. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಆ ಕೆಲಸ ಮಾಡಿದವರಿಗೆ ಮಾತ್ರ ಅದರ ಮರ್ಮ ಗೊತ್ತು.

ಎರಡನೇ ಮಹಡಿಯ ಉದ್ದನೆಯ ಕೋಣೆ ಅದು. ನೆಲದಿಂದ ಸೂರಿನವರೆಗೆ ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು, ಒಂದೊಂದರಲ್ಲೂ ಅಂಗೈಯಗಲದ ಚೀಟಿಗಳು. ಇಂಗ್ಲಿಷಿನ ಪದಗಳು ಎಲ್ಲಿಂದ ಬಂದವು, ಬಂದಾಗ ಹೇಗಿದ್ದವು, ಆಮೇಲೆ ಹೇಗೆ ಬಣ್ಣ ಬದಲಾಯಿಸಿದವು ಎಂಬುದೆಲ್ಲ ಆ ಚೀಟಿಗಳಲ್ಲಿತ್ತು. ಇವತ್ತು ಎಲ್ಲರೂ ಮೆಚ್ಚುಗೆಗೆ ಹೇಳುವ ‘ನೈಸ್’ ಒಂದು ಕಾಲದಲ್ಲಿ ಪೆದ್ದ ಎಂಬ ಬೈಗುಳವಾಗಿತ್ತು. ‘ಸಿಲ್ಲಿ’ ಎಂದರೆ ಪುಣ್ಯವಂತ. ‘ಗರ್ಲ್’ ಎಂದರೆ ಮಗು, ಗಂಡಾದರೂ ಸರಿ ಹೆಣ್ಣಾದರೂ ಸರಿ. ‘ಮೀಟ್’ ಎಂದರೆ ತಿನ್ನುವ ಯಾವುದೇ ಪದಾರ್ಥ. ಇದನ್ನೆಲ್ಲ ಸುಮ್ಮನೆ ಹೇಳಿದರೆ ಯಾರು ನಂಬುತ್ತಾರೆ? ಯಾವ ಪುಸ್ತಕ, ಯಾವ ವರ್ಷ, ಯಾವ ವಾಕ್ಯ ಎಂದು ಚೀಟಿಯಲ್ಲಿ ಬರೆದಿರಬೇಕು. ಒಂದು ಚೀಟಿಗೆ ಕೆಲವೊಮ್ಮೆ ಒಂದು ವಾರ ಹಿಡಿಯುತ್ತಿತ್ತು.

ಈ ಕೆಲಸ ಶುರುಮಾಡಿದವರು ಹಳೇ ಮೇಷ್ಟ್ರು, ಈಗಿಲ್ಲ. ಅವರು ಎರಡು ಕಟ್ಟಳೆ ಮಾಡಿಟ್ಟು ಹೋಗಿದ್ದರು. ಚೀಟಿಯ ಬಲಗಡೆಯ ಕೆಳಮೂಲೆಯಲ್ಲಿ ಅದನ್ನು ಹುಡುಕಿ ಬರೆದವರ ಹೆಸರಿನ ಮೊದಲಕ್ಷರ ಇರಬೇಕು, ಇದು ಒಂದು. ಪದಗಳ ಬಗ್ಗೆ ಜನ ಕಟ್ಟಿದ ಕಥೆಗಳಿರುತ್ತವಲ್ಲ, ಅವನ್ನೂ ಚೀಟಿಯಲ್ಲಿ ಬರೆದು ಅದೇ ಡ್ರಾಯರಿನಲ್ಲಿಡಬೇಕು, ಆದರೆ ಅದೇ ಮೂಲೆಗೆ ಕೆಂಪು ಬಳಿಯಬೇಕು, ಇದು ಇನ್ನೊಂದು. ಸುಳ್ಳನ್ನು ಬಿಸಾಕಿದರೆ ನಾಳೆ ಇನ್ಯಾರೋ ಅದನ್ನೇ ಹೊಸದಾಗಿ ಕಂಡುಹಿಡಿದೆ ಎಂದು ಓಡಿ ಬರುತ್ತಾರೆ, ಇಲ್ಲೇ ಇದ್ದರೆ ಮೂಲೆ ನೋಡಿ ತೆಪ್ಪಗಾಗುತ್ತಾರೆ ಎನ್ನುವುದು ಅವರ ಲೆಕ್ಕಾಚಾರ. ಪುಸ್ತಕವಾದ ದಿನ ಮೊದಲ ಪುಟದಲ್ಲಿ ಚೀಟಿ ಬರೆದವರ ಹೆಸರು ಹಾಕುತ್ತೇನೆಂದು ಮಾತೂ ಕೊಟ್ಟಿದ್ದರು. ಅವರ ಮಾತು ಅವರ ಜೊತೆಗೇ ಹೋಯಿತು.

ಚೀಟಿ ಬರೆದವರು ಮುಖ್ಯವಾಗಿ ಇಬ್ಬರು, ತಾಯಿ ಮತ್ತು ಮಗಳು. ತಾಯಿಯನ್ನು ಕಚೇರಿಯಲ್ಲಿ ಎಲ್ಲರೂ ಚೀಟಿಯಮ್ಮ ಎನ್ನುತ್ತಿದ್ದರು. ಕೆಲವು ವರ್ಷದ ಮೇಲೆ ಕೆಲಸಕ್ಕೆ ಸೇರಿದ ಮಗಳು ಮರಿಚೀಟಿಯಾದಳು. ಈಗ ಅವಳಿಗೆ ಐವತ್ತೊಂದು, ತಲೆ ಅರ್ಧ ಬೆಳ್ಳಗಾಗಿದೆ, ಆದರೂ ಮರಿಚೀಟಿಯೇ. ಚೀಟಿಯಮ್ಮ ಮೂವತ್ತಮೂರು ವರ್ಷ ಆ ಸೊಳ್ಳೆಗಾತ್ರದ ಹಳೇ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಕೊನೆಗೆ ಕಣ್ಣೇ ಹೋಯಿತು. ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಒಂದೇ ಒಂದು ಆಸೆ ಉಳಿದಿತ್ತು. ವಾರಕ್ಕೊಮ್ಮೆಯಾದರೂ ಕೇಳುವಳು.

“ಪುಸ್ತಕ ಎಲ್ಲಿಗೆ ಬಂತೇ?”

“ಬರುತ್ತಮ್ಮ, ಇನ್ನೇನು ಬಂತು.”

“ನಾನು ಹೋಗೋದರೊಳಗೆ ಬಂದರೆ ಸರಿ. ಮೊದಲನೇ ಪುಟ ನೀನೇ ಓದ್ಬೇಕು. ನನ್ನ ಹೆಸರು ಅಚ್ಚಲ್ಲಿ ಒಂದ್ಸಲ ಕೇಳಿದರೆ ಸಾಕು, ಆಮೇಲೆ ಯಾವಾಗ ಕರೆದರೂ ಎದ್ದು ಹೋಗ್ತೀನಿ.”

ಈಗಿನ ಪ್ರಧಾನ ಸಂಪಾದಕರಿಗೆ ದೊಡ್ಡವರು ಎಂದು ಹೆಸರು. ಒಂದು ಕಾಲದಲ್ಲಿ ಇವರೂ ಅಲ್ಲೇ ಮೂಲೆಯ ಮೇಜಿನಲ್ಲಿ ಕೂತು ಚೀಟಿಯಮ್ಮನಿಂದ ಕೆಲಸ ಕಲಿತವರು. ಚೀಟಿ ಹಿಡಿಯುವುದು ಹೇಗೆ, ಇಸವಿ ನೋಡುವುದು ಹೇಗೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು ಅವಳು. ಆಮೇಲೆ ಅವರು ಮೇಲೇರಿದರು, ಗಾಜಿನ ಕೋಣೆ ಸೇರಿದರು. ಹನ್ನೆರಡು ವರ್ಷದಿಂದ ಒಂದು ಡ್ರಾಯರನ್ನೂ ಎಳೆದು ನೋಡಿದವರಲ್ಲ. ಸಭೆಗಳಲ್ಲಿ ಮಾತ್ರ ‘ನನ್ನ ಅರವತ್ತು ಸಾವಿರ ಚೀಟಿಗಳು’ ಎನ್ನುತ್ತಿದ್ದರು. ನನ್ನ ಅಂತೆ, ನನ್ನ!

ಪುಸ್ತಕಕ್ಕೆ ಕೊನೆಗೂ ಮುಹೂರ್ತ ಬಂತು. ಚೀಟಿಗಳನ್ನೆಲ್ಲ ಸ್ಕ್ಯಾನಿಂಗ್ ಯಂತ್ರಕ್ಕೆ ಹಾಕಿ, ಹೊರಗಿನ ಒಂದು ಕಂಪನಿಯವರಿಂದ ಟೈಪ್ ಮಾಡಿಸುವುದೆಂದಾಯಿತು. ದೊಡ್ಡವರು ಮರಿಚೀಟಿಯ ಮೇಜಿನ ಮೇಲೆ ಒಂದು ಕಾಗದ ತಂದಿಟ್ಟರು. ಎಲ್ಲ ಚೀಟಿಗಳ ಬಲಗಡೆಯ ಕೆಳಮೂಲೆಯನ್ನು ಕತ್ತರಿಸತಕ್ಕದ್ದು, ಕೆಳಗೆ ಅವರ ಸಹಿ.

“ಮೂಲೆ ಯಾಕೆ ಸಾರ್?”

“ಮಡಚಿಕೊಂಡಿವೆಯಲ್ಲ. ಯಂತ್ರ ಸಿಕ್ಕಿಹಾಕಿಕೊಳ್ಳುತ್ತೆ.”

“ಎಡಗಡೆ ಮೂಲೆಗಳೂ ಮಡಚಿಕೊಂಡಿವೆ.”

ದೊಡ್ಡವರು ಕನ್ನಡಕ ತೆಗೆದು ಒರೆಸಿದರು. “ನೋಡಿ, ಯಾರು ಬರೆದರು ಅನ್ನೋದು ಓದುಗರಿಗೆ ಯಾಕೆ ಬೇಕು? ಟೈಪ್ ಮಾಡೋರು ಅದನ್ನೂ ಸೇರಿಸಿಬಿಟ್ಟರೆ ಗಲೀಜು.”

“ಹೆಸರಿನ ಪುಟ ಅಂತ ಮೇಷ್ಟ್ರು ಹೇಳಿದ್ದರಲ್ಲ...”

“ಮೇಷ್ಟ್ರು ಏನೇನೋ ಹೇಳ್ತಿದ್ದರು. ಗುಮಾಸ್ತರ ಹೆಸರೆಲ್ಲ ಹಾಕುತ್ತಾ ಹೋದರೆ ಪುಸ್ತಕಕ್ಕೆ ಗೌರವ ಇರುತ್ತಾ?”

ಗುಮಾಸ್ತರು! ಮರಿಚೀಟಿ ಕುರ್ಚಿಗೆ ಬಂದು ಕೂತಳು. ಕತ್ತರಿ ಕೈಗೆತ್ತಿಕೊಂಡಳು. ಮೊದಲ ಡ್ರಾಯರಿನ ಮೊದಲ ಚೀಟಿಯ ಮೂಲೆಯಲ್ಲಿ ಅಮ್ಮನ ದುಂಡಗಿನ ಅಕ್ಷರವಿತ್ತು. ಅದನ್ನು ಕತ್ತರಿಸುವ ಮೊದಲು ಎರಡು ಸಲ ಕತ್ತರಿ ಕೆಳಗಿಟ್ಟಳು. ಎರಡನೆಯದಕ್ಕೂ ಇಟ್ಟಳು. ಇನ್ನೂರು ಮುನ್ನೂರು ದಾಟಿದ ಮೇಲೆ ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು, ಅದೇ ಅವಳಿಗೆ ಹೆಚ್ಚು ನೋವಾದದ್ದು. ಕಾಲಬುಡದ ಬುಟ್ಟಿಯಲ್ಲಿ ಅಮ್ಮನ ಹೆಸರು ತ್ರಿಕೋನ ತ್ರಿಕೋನವಾಗಿ ಗುಡ್ಡೆ ಬೀಳುತ್ತಿತ್ತು. ಸಂಜೆ ಕಸ ಗುಡಿಸುವವಳು ಬಂದು ಅದನ್ನು ಬೇರೆ ಕಸದ ಜೊತೆ ಸುರಿದುಕೊಂಡು ಹೋದಳು.

ಎರಡನೇ ದಿನ ಒಂದು ಕೆಂಪು ಮೂಲೆ ಕೈಗೆ ಬಂತು. ‘ನ್ಯೂಸ್’ ಎಂಬ ಪದದ ಚೀಟಿ. ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಆ ಪದ ಮಾಡಿದರು ಎಂಬ ಕಟ್ಟುಕಥೆ. ಅಸಲಿಗೆ ಅದು ಹೊಸ ಸಂಗತಿಗಳು ಎಂಬಷ್ಟೇ ಅರ್ಥದ ಸಾದಾ ಪದ. ಆ ನಿಜದ ಚೀಟಿ ಇದರ ಬೆನ್ನಿಗೇ ಇತ್ತು. ಕೆಂಪು ಮೂಲೆಯನ್ನು ಕತ್ತರಿಸಿದರೆ ಎರಡಕ್ಕೂ ಏನು ವ್ಯತ್ಯಾಸ ಉಳಿಯಿತು? ಮರಿಚೀಟಿ ಕೈ ತಡೆದಳು. ಎಷ್ಟೆಂದರೂ ಆ ಕೆಲಸದಲ್ಲಿ ಬೆಳೆದ ಜೀವ, ಎದ್ದು ಗಾಜಿನ ಕೋಣೆಗೆ ಓಡಿದಳು.

“ಸಾರ್, ಮೂಲೆಯಲ್ಲಿ ಬಣ್ಣ ಇರೋ ಚೀಟಿಗಳು...”

“ಮತ್ತೆ ಮೂಲೆನಾ?” ಫೋನಿನಲ್ಲಿದ್ದ ದೊಡ್ಡವರು ಅದಕ್ಕೆ ಕೈ ಅಡ್ಡ ಹಿಡಿದು ಹೇಳಿದರು. “ಬಣ್ಣ ಗಿಣ್ಣ ಎಲ್ಲ ನನ್ನ ತಲೆಗೆ ಕಟ್ಟಬೇಡಿ. ಹೇಳಿದಷ್ಟು ಮಾಡಿ. ನಿಮಗೆ ಯೋಚನೆ ಮಾಡೋಕೆ ಯಾರು ಹೇಳಿದ್ದು?”

ಅವಳು ಬಾಗಿಲು ಹಾಕಿಕೊಂಡು ಹೊರಗೆ ಬಂದಳು. ಅಷ್ಟೇ. ಆ ಬಾಗಿಲಿನಿಂದ ಅವಳ ಮೇಜಿಗೆ ಇದ್ದದ್ದು ಹನ್ನೆರಡು ಹೆಜ್ಜೆ, ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿ ಹೋಯಿತು. ಹೇಳಿದಷ್ಟು ತಾನೇ? ಆಗಲಪ್ಪ, ಹೇಳಿದಷ್ಟೇ ಮಾಡುತ್ತೇನೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

‘ರಿವೆಂಜ್’ ಎಂಬ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚರಿಂದ. ಅದಕ್ಕೂ ಮೊದಲು ಸೇಡು ತೀರಿಸಿಕೊಳ್ಳುವುದಕ್ಕೆ ಇಂಗ್ಲಿಷರಿಗೆ ತಮ್ಮದೇ ಸ್ವಂತ ಮಾತೊಂದಿತ್ತು, ‘ವ್ರೆಕನ್’ ಎಂದು. ಆ ಚೀಟಿ ಮರಿಚೀಟಿಯೇ ಬರೆದದ್ದು. ಅದರ ಮೂಲೆ ಕತ್ತರಿಸುವಾಗ ಅವಳಿಗೆ ನಗು ಬಂತು, ಪಕ್ಕದ ಮೇಜಿನ ಟೈಪಿಸ್ಟ್ ತಿರುಗಿ ನೋಡುವಷ್ಟು ಜೋರಾಗಿ.

ಕೆಂಪು ಮೂಲೆಯವು ಒಟ್ಟು ನಾನೂರ ಹನ್ನೆರಡು. ಒಂದೊಂದೂ ಅವಳಿಗೆ ಬಾಯಿಪಾಠ. ಯಾವುದೋ ರಾಜ ಊಟದ ಮೇಜಿನಲ್ಲಿ ರುಚಿಗೆ ಮರುಳಾಗಿ ಕತ್ತಿ ಎತ್ತಿ ಮಾಂಸದ ತುಂಡಿಗೇ ‘ಸರ್’ ಪದವಿ ಕೊಟ್ಟನಂತೆ, ಅದಕ್ಕೆ ಅದು ‘ಸರ್‌ಲಾಯಿನ್’ ಆಯಿತಂತೆ. ಹಡಗಿನಲ್ಲಿ ಬಿಸಿಲು ಬೀಳದ ಕಡೆಯ ಕೋಣೆ ಹಿಡಿದ ಶ್ರೀಮಂತರ ಟಿಕೆಟಿನ ಮೇಲೆ ಒತ್ತಿದ ನಾಲ್ಕಕ್ಷರ ‘ಪಾಶ್’ ಆಯಿತಂತೆ, ಅಂಥ ಟಿಕೆಟನ್ನು ಇವತ್ತಿನವರೆಗೆ ಕಂಡವರೇ ಇಲ್ಲ. ಎಲ್ಲವೂ ಕೇಳಲು ಎಷ್ಟು ಚೆಂದ! ಮೂಲೆ ಕಳೆದುಕೊಂಡು ಅವು ಸಭ್ಯಸ್ಥರಂತೆ ನಿಜದ ಸಾಲಿನಲ್ಲಿ ಹೋಗಿ ಕೂತವು. ಟೈಪ್ ಮಾಡುವವರು ಕಣ್ಣಿಗೆ ಕಂಡದ್ದನ್ನು ಟೈಪ್ ಮಾಡಿದರು. ಕರಡು ಅಚ್ಚು ಬಂದು ಎರಡು ದಿನ ಅವಳ ಮೇಜಿನ ಮೇಲೇ ಇತ್ತು. ಮರಿಚೀಟಿ ಅದರ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಿದಳು. ದೊಡ್ಡವರು ಅದರಲ್ಲಿ ಓದಿದ್ದು ಮುನ್ನುಡಿಯನ್ನು ಮಾತ್ರ, ಯಾಕೆಂದರೆ ಅದೊಂದನ್ನೇ ಅವರು ಬರೆದದ್ದು.

ಅವಳಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ಅಮ್ಮನ ಪುಸ್ತಕವೂ ಹೌದು. ಈಗಲೂ ಹೇಳಿಬಿಡಲೇ ಎಂದು ಎರಡು ಸಲ ಎದ್ದು ನಿಂತಳು. ಎರಡು ಸಲವೂ ಗುಮಾಸ್ತರು ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು, ಎರಡು ಸಲವೂ ಕೂತಳು. ಅಮ್ಮನ ಹೆಸರಿಲ್ಲದ ಪುಸ್ತಕ ಇದ್ದರೆಷ್ಟು, ಹಾಳಾಗಿ ಹೋದರೆಷ್ಟು.

ಬಿಡುಗಡೆಯ ದಿನ ದೊಡ್ಡವರು ಹೊಸ ಕೋಟು ಹಾಕಿಕೊಂಡು ಬಂದಿದ್ದರು. ‘ಏಕಾಂಗಿಯಾಗಿ ಮಾಡಿದ ತಪಸ್ಸು’ ಎಂದು ಅವರೇ ತಮ್ಮ ಬಗ್ಗೆ ಹೇಳಿಕೊಂಡರು. ಹೇಳುತ್ತಾ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ನಾಚಿಕೆಗೆಟ್ಟ ಜನ್ಮ! ಹಿಂದಿನ ಸಾಲಿನಲ್ಲಿ ನಿಂತು ಪುಸ್ತಕದ ಕಟ್ಟು ಬಿಚ್ಚುತ್ತಿದ್ದ ಮರಿಚೀಟಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಆದರೆ ಮನೆಗೆ ಬಂದಾಗ ಲೆಕ್ಕ ತಪ್ಪಿತು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದಳು. ತಲೆ ಬಾಚಿಸಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು. ಪುಸ್ತಕವನ್ನು ಮಡಿಲಿಗೆ ತೆಗೆದುಕೊಂಡು ಅಂಚು ಸವರಿದಳು, ಮೂಗಿನ ಹತ್ತಿರ ಹಿಡಿದು ಮೂಸಿದಳು, ತೂಕ ನೋಡಿದಳು.

“ಹ್ಞೂಂ, ಓದು.”

ಮಗಳು ಮೊದಲ ಪುಟ ತೆರೆದಳು. ಅಲ್ಲಿ ದೊಡ್ಡವರ ಹೆಸರು, ಅದರ ಕೆಳಗೆ ಅವರ ಪದವಿಗಳ ಬಾಲ. ಮರಿಚೀಟಿ ಆ ಪುಟದ ಮೇಲೆ ಕಣ್ಣಿಟ್ಟುಕೊಂಡೇ, ಅಲ್ಲಿ ಇಲ್ಲದ್ದನ್ನು ಓದಿದಳು. ಈ ಪುಸ್ತಕದ ಚೀಟಿಗಳನ್ನು ಬರೆದವರು ಎಂದು ಶುರುಮಾಡಿ ಅಮ್ಮನ ಹೆಸರು, ಅದರ ಹಿಂದೆ ತನ್ನದು. ಅಮ್ಮನ ಮುಖ ಅರಳಿತು. ಇನ್ನೊಂದು ಸಲ ಓದಿಸಿದಳು. ಆ ರಾತ್ರಿಯಿಂದ ಪುಸ್ತಕ ದಿಂಬಿನ ಪಕ್ಕಕ್ಕೇ ಬಂತು.

ಐವತ್ತೊಂದು ವರ್ಷದಲ್ಲಿ ಮರಿಚೀಟಿ ಅಮ್ಮನಿಗೆ ಇಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಅದೂ ಪುಸ್ತಕ ಹಿಡಿದುಕೊಂಡು, ಓದಿದಂತೆ ಮಾಡಿ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ನನ್ನ ಬಾಯಿಂದ ಇದನ್ನು ಹೇಳಿಸಿದನಲ್ಲ, ಇವನಿಗೆ ಮಣ್ಣು ಮುಕ್ಕಿಸದೆ ಬಿಟ್ಟರೆ ಕೇಳು ಎಂದು ತನಗೆ ತಾನೇ ಅಂದುಕೊಂಡಳು. ಆದರೆ ಇನ್ನು ಬರೀ ಮಣ್ಣು ಮುಕ್ಕಿಸಿದರೆ ಸಾಲದಾಗಿತ್ತು. ಅಮ್ಮ ಇರುವಾಗಲೇ ಆ ಸುಳ್ಳು ನಿಜವಾಗಬೇಕಿತ್ತು, ಆ ಹೆಸರು ಅಚ್ಚಿಗೆ ಬರಬೇಕಿತ್ತು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಪತ್ರಿಕೆಯಲ್ಲಿ ಒಬ್ಬ ನಿವೃತ್ತ ಅಧ್ಯಾಪಕರ ಲೇಖನ ಬಂತು. ನಾಲ್ಕು ಅಂಕಣ ತುಂಬ, ಬಟ್ಟೆ ಒಗೆದಂತೆ ಒಗೆದಿದ್ದರು. ರಾಜ ಮಾಂಸಕ್ಕೆ ಪದವಿ ಕೊಟ್ಟ ಕಥೆಯನ್ನು ಚರಿತ್ರೆ ಎಂದು ಅಚ್ಚು ಹಾಕುವವರಿಗೆ ಯಾರು ಪದವಿ ಕೊಟ್ಟರು ಎಂದು ಕೇಳಿದ್ದರು. ಒಂದೇ ದಿನದಲ್ಲಿ ಹುಡುಕಿದ ಮೂವತ್ತು ತಪ್ಪುಗಳು, ಇನ್ನು ಉಳಿದದ್ದನ್ನು ನಂಬುವುದು ಹೇಗೆ ಎಂದು ಮುಗಿಸಿದ್ದರು. ಮರಿಚೀಟಿ ಅದನ್ನು ಬಸ್ಸಿನಲ್ಲಿ ನಿಂತುಕೊಂಡೇ ಮೂರು ಸಲ ಓದಿದಳು. ಹಾಲು ಕುಡಿದಷ್ಟು ಸಂತೋಷವಾಯಿತು.

ಕಚೇರಿಯಲ್ಲಿ ಆಡಳಿತ ಮಂಡಳಿ ಸೇರಿತು. ಮಾರಾಟ ನಿಂತಿತು. ತಪ್ಪುಗಳನ್ನು ತೆಗೆದು ಹೊಸ ಮುದ್ರಣಕ್ಕೆ ಸಿದ್ಧಮಾಡಲು ದೊಡ್ಡವರಿಗೆ ಒಂದು ತಿಂಗಳು ಗಡುವು, ಆಗದಿದ್ದರೆ ಕುರ್ಚಿ ಬಿಡಬೇಕು. ಅವರು ಡ್ರಾಯರುಗಳ ಮುಂದೆ ಬಂದು ನಿಂತರು, ಹನ್ನೆರಡು ವರ್ಷದ ಮೇಲೆ ಮೊದಲ ಸಲ. ಅರವತ್ತು ಸಾವಿರ ಚೀಟಿ, ಎಲ್ಲಕ್ಕೂ ಒಂದೇ ಥರ ಬೋಳು ಮೂಲೆ. ಒಂದೊಂದನ್ನೂ ಹೊಸದಾಗಿ ಪರೀಕ್ಷೆ ಮಾಡಲು ಹೊರಟರೆ ವರ್ಷಗಳೇ ಬೇಕು. ಆಗ ಅವರಿಗೆ ಚೀಟಿಯಮ್ಮ ಕಲಿಸಿದ್ದ ಕೆಂಪು ಮೂಲೆಯ ಪಾಠ ನೆನಪಾಯಿತು. ಯಾವುದು ಕೆಂಪು, ಯಾವುದು ಅಲ್ಲ ಎಂದು ಹೇಳಬಲ್ಲವರು ಭೂಮಿಯ ಮೇಲೆ ಇಬ್ಬರೇ ಇದ್ದರು.

“ಬಣ್ಣದ ವಿಷಯ ಯಾಕ್ರೀ ಹೇಳಲಿಲ್ಲ?” ಎಂದು ಕೂಗಿದರು.

“ಹೇಳೋಕೆ ಬಂದಿದ್ದೆ ಸಾರ್. ಯೋಚನೆ ಮಾಡೋಕೆ ಯಾರು ಹೇಳಿದ್ದು ಅಂದಿರಿ.” ಅವರ ಸಹಿಯಿದ್ದ ಕಾಗದವನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕಕ್ಕೆ ತನ್ನ ರಜೆ ಅರ್ಜಿಯನ್ನೂ ಇಟ್ಟಳು. “ಅಮ್ಮನಿಗೆ ಹುಷಾರಿಲ್ಲ. ಒಂದು ತಿಂಗಳು ಬರೋಕಾಗಲ್ಲ.”

ಅವರು ಹತ್ತು ದಿನ ತಡೆದರು. ಹನ್ನೊಂದನೇ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ, ಮರಿಚೀಟಿ ಒಗೆದ ಬಟ್ಟೆ ಮಡಚುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ದೊಡ್ಡವರು ನಿಂತಿದ್ದರು. ಕೋಟು ಇರಲಿಲ್ಲ, ಗಡ್ಡ ಬೋಳಿಸಿರಲಿಲ್ಲ. ಮೂರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

“ಮೇಡಂ, ಎರಡು ನಿಮಿಷ ಮಾತಾಡಬಹುದಾ?”

ಮೇಡಂ! ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಮರಿಚೀಟಿ ಬಾಗಿಲಲ್ಲೇ ನಿಂತಳು.

“ಹೇಳಿ.”

“ಒಂದು ಪಟ್ಟಿ ಬೇಕಿತ್ತು. ಕೆಂಪಿನವು. ನೀವು ಏನು ಹೇಳಿದರೂ...”

“ಯಾರೇ ಅದು?” ಒಳಗಿನಿಂದ ಅಮ್ಮನ ಧ್ವನಿ ಬಂತು. “ಆ ಧ್ವನಿ ನನಗೆ ಗೊತ್ತು. ನಮ್ಮ ಮೂಲೆ ಮೇಜಿನ ಹುಡುಗ ಅಲ್ವಾ?”

ಇದನ್ನು ಮರಿಚೀಟಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ದೊಡ್ಡವರು ಒಳಗೆ ಬಂದರು. ಅಮ್ಮ ಕೈ ಚಾಚಿ ಗಾಳಿಯಲ್ಲಿ ಹುಡುಕಿ ಅವರ ಕೈ ಹಿಡಿದುಕೊಂಡಳು, ಎರಡೂ ಕೈಯಲ್ಲಿ.

“ಬಾಪ್ಪಾ. ಈಗ ಬನ್ನಿ ಅನ್ನಬೇಕೇನೋ, ದೊಡ್ಡವರಾಗಿದ್ದೀರಿ. ಕೂತ್ಕೊಳ್ಳಿ. ನಾನೇ ಹೇಳಿ ಕಳಿಸಬೇಕು ಅಂತಿದ್ದೆ. ಎಷ್ಟು ದೊಡ್ಡ ಮನಸ್ಸು ನಿಮ್ಮದು! ಮೇಷ್ಟ್ರು ಹೋದಮೇಲೆ ಯಾರು ನೆನಪಿಟ್ಟುಕೊಳ್ತಾರೆ ಅಂದ್ಕೊಂಡಿದ್ದೆ. ನೀವು ಮೊದಲನೇ ಪುಟದಲ್ಲೇ ನನ್ನ ಹೆಸರು ಹಾಕಿದಿರಿ. ಇವಳು ಓದಿ ಹೇಳಿದಳು. ನಿಮ್ಮ ಹೊಟ್ಟೆ ತಣ್ಣಗಿರಲಿ, ನಿಮ್ಮ ಮಕ್ಕಳು ಮರಿ ಚೆನ್ನಾಗಿರಲಿ.”

ದೊಡ್ಡವರು ಮರಿಚೀಟಿಯ ಕಡೆ ನೋಡಿದರು. ಕೈ ಬಿಡಿಸಿಕೊಳ್ಳಲು ಎಳೆದರು, ಅಮ್ಮ ಬಿಡಲಿಲ್ಲ. ಮರಿಚೀಟಿಗೆ ಮೈಯೆಲ್ಲ ಉರಿದುಹೋಯಿತು. ಈ ಕಳ್ಳನಿಗೆ ಅಮ್ಮನ ಹಾರೈಕೆಯಾ? ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಇವನ ನೀರಿಳಿಸಿಬಿಡಲೇ ಅನ್ನಿಸಿತು. ಹೇಳಿದರೆ ಇವನಿಗೆ ಒಂದು ಗಳಿಗೆಯ ಅವಮಾನ, ಅಮ್ಮನಿಗೆ ಉಳಿದಷ್ಟು ದಿನದ ನೋವು. ಅವಳು ದಿಂಬಿನ ಪಕ್ಕದಿಂದ ಪುಸ್ತಕ ತೆಗೆದಳು. ಮೊದಲ ಪುಟ ತೆರೆದು ದೊಡ್ಡವರ ತೊಡೆಯ ಮೇಲಿಟ್ಟಳು.

“ಅಮ್ಮ, ನಾನು ಓದಿದ್ದು ಸಾಕು. ಸಾರ್ ಬಾಯಲ್ಲೇ ಒಂದ್ಸಲ ಕೇಳ್ತೀಯಾ?”

“ಅಯ್ಯೋ, ಅದಕ್ಕಿಂತ ಇನ್ನೇನು ಬೇಕು? ಓದಿ ಸಾರ್, ಓದಿ.”

ದೊಡ್ಡವರು ಪುಟ ನೋಡಿದರು. ಅಲ್ಲಿ ತಮ್ಮದೇ ಹೆಸರು ದಪ್ಪಕ್ಷರದಲ್ಲಿ ಕೂತಿತ್ತು.

“ಮೇಡಂ, ಇದು...”

“ಪಟ್ಟಿ ಬೇಕಲ್ವಾ ಸಾರ್?” ಮರಿಚೀಟಿ ಮೆಲ್ಲಗೆ ಅಂದಳು. “ಓದಿ.”

ದೊಡ್ಡವರು ಗಂಟಲು ಸರಿಮಾಡಿಕೊಂಡರು.

“ಈ ಪುಸ್ತಕದ... ಅರವತ್ತು ಸಾವಿರ ಚೀಟಿಗಳನ್ನು ಹುಡುಕಿ ಬರೆದವರು...”

ಅಲ್ಲಿಗೆ ನಿಂತರು. ಅವರು ಆ ಮುದುಕಿಯ ಪಕ್ಕದಲ್ಲಿ ಎಂಟು ವರ್ಷ ಕೂತು ಕೆಲಸ ಮಾಡಿದ್ದರು, ಅವಳ ಚೀಟಿಗಳಿಂದಲೇ ದೊಡ್ಡವರಾಗಿದ್ದರು. ಅವಳನ್ನು ಕರೆದದ್ದು ಮಾತ್ರ ಚೀಟಿಯಮ್ಮ ಎಂದೇ. ಹೆಸರು ಅವರಿಗೆ ಗೊತ್ತಿರಲಿಲ್ಲ. ಮರಿಚೀಟಿಯ ಕಡೆ ಅಂಗಲಾಚುವಂತೆ ನೋಡಿದರು. ಅವಳು ಒಂದು ಟವೆಲು ಕೈಗೆತ್ತಿಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಚಿದಳು.

ಅಮ್ಮ ಮುಖ ಎತ್ತಿ ಕಾಯುತ್ತಿದ್ದಳು.

“ಯಾಕೆ ಸಾರ್, ಅಕ್ಷರ ಸಣ್ಣದಾ?”

“ಹೌದಮ್ಮ,” ಎಂದರು ದೊಡ್ಡವರು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು. “ಸಣ್ಣದು. ಕಾಣ್ತಾ ಇಲ್ಲ.”

“ಅಯ್ಯೋ ಪಾಪ, ನಿಮಗೂ ಕಣ್ಣು ಶುರುವಾಯಿತಾ! ಈ ಕೆಲಸಾನೇ ಹಾಗೆ. ಹೋಗಲಿ ಬಿಡಿ, ನಾನೇ ಹೇಳ್ತೀನಿ. ನನ್ನ ಹಿಂದೆ ಹೇಳಿ.”

ಆಮೇಲೆ ಅವಳು ತನ್ನ ಪೂರ್ತಿ ಹೆಸರನ್ನು, ಹೊಸಬರಿಗೆ ಕಲಿಸುವಾಗ ಹೇಳುತ್ತಿದ್ದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ದೊಡ್ಡವರು ತಲೆ ತಗ್ಗಿಸಿಕೊಂಡು ಅವಳ ಹಿಂದೆ ಒಂದೊಂದೇ ಅಕ್ಷರ ಒಪ್ಪಿಸಿದರು. ಮುಗಿಯುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ಮರಿಚೀಟಿಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಅವಳು ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಆ ಪುಸ್ತಕದ ಮೇಲಿಟ್ಟಳು.

“ಈಗ ಗೊತ್ತಾಯಿತಲ್ಲ,” ಎಂದಳು. “ಬರೀರಿ. ಹೊಸ ಮುದ್ರಣದ ಮೊದಲನೇ ಪುಟಕ್ಕೆ. ಕೆಳಗೆ ಸಹಿ ಹಾಕಿ.”